ಶ್ರೀಕಾರವಿಲ್ಲದ ದೇಶದ ಕೈಪಿಡಿ

"ನೆತ್ತಿ ಮ್ಯಾಲ ಶ್ರೀ ಹಾಕಬ್ಯಾಡ್ರಿ" ಎಂದ ಗಿರಾಕಿಯನ್ನು ನಾನು ನೋಡಿದ್ದು ಅದೇ ಮೊದಲು.

ಕೊಟ್ಟೂರಿನ ನನ್ನ ಪ್ರೆಸ್ಸಿನಲ್ಲಿ ಏನೇ ಅಚ್ಚಾಗಲಿ, ಲಗ್ನಪತ್ರಿಕೆಯೋ ಎಣ್ಣೆ ಮಿಲ್ಲಿನ ರಸೀದಿಯೋ ಚುನಾವಣೆಯ ಕರಪತ್ರವೋ, ಮೇಲೊಂದು ಶ್ರೀಕಾರವೋ ಮನೆದೇವರ ಹೆಸರೋ ಕೂತೇ ಇರುತ್ತಿತ್ತು. ದೇವರಿಲ್ಲ ಎಂದು ಊರೆಲ್ಲ ವಾದ ಮಾಡಿಕೊಂಡು ತಿರುಗುತ್ತಿದ್ದ ಮಾಸ್ತರರೊಬ್ಬರು ಕೂಡ ಮಗಳ ಮದುವೆಗೆ ತೆಪ್ಪಗೆ ಹಾಕಿಸಿಕೊಂಡು ಹೋಗಿದ್ದರು. ಈ ಮನುಷ್ಯ ಮಾತ್ರ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, "ಆ ದೇಶದಾಗ ಶ್ರೀ ಇಲ್ರಿ" ಎಂದರು.

ಸಂಶಯ ನನ್ನ ಹುಟ್ಟುಗುಣ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವನು ನಾನು. "ನಿಮ್ಮ ನೆರಳು ಹಿಂದ ಬಂದ್ರೂ ಯಾಕ ಬಂದಿ ಅಂತ ಕೇಳೋರು ನೀವು" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಕಾಲವೂ ಹಾಗೇ ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹರಪನಹಳ್ಳಿ ತಾಲ್ಲೂಕನ್ನು ಇಡಿಯಾಗಿ ಎತ್ತಿ ದಾವಣಗೆರೆ ಜಿಲ್ಲೆಗೆ ಸೇರಿಸಿ ಇನ್ನೂ ಬಹಳ ದಿನ ಆಗಿರಲಿಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಚಹದಂಗಡಿಯಲ್ಲಿ ಕೂತರೂ "ಮುಂದಿನ ಪಾಳಿ ಯಾರ್ದೋ ಏನೋ" ಎನ್ನುವುದೇ ಮಾತು. ಕೈಯಲ್ಲಿ ನಕ್ಷೆ ಹಿಡಿದು ಬಂದವರನ್ನು ಯಾರೂ ನಂಬುತ್ತಿರಲಿಲ್ಲ.

"ಯಾ ಕಡೆಯವರ್ರಿ?" ಎಂದು ಕೇಳಿದೆ.

"ಹಡಗಲಿ ಕಡೆ."

"ಹಡಗಲ್ಯಾಗ ಪ್ರೆಸ್ ಇಲ್ಲೇನ್ರಿ?"

"ಅದಾವು."

"ಹಗರಿಬೊಮ್ಮನಹಳ್ಳ್ಯಾಗ?"

"ಅಲ್ಲೂ ಅದಾವು."

"ಮತ್ತ ಇಷ್ಟು ದೂರ?"

"ಕೊಟ್ಟೂರಾಗ ಮಿರ್ಚಿ ಚಲೋ ಇರ್ತಾವಲ್ರಿ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಹೆಸರು ಕೇಳಿದರೆ ಪುಸ್ತಕದ ಮೇಲೆ ಹೆಸರೇ ಬೇಡ ಎಂದರು. ಹಾಳೆಗಳನ್ನು ತಿರುವಿದೆ. ಎಡಗಡೆ ಕಾಲುಭಾಗ ಖಾಲಿ ಬಿಟ್ಟು ದುಂಡಗೆ ಬರೆದಿದ್ದರು. ಹಾಗೆ ಜಾಗ ಬಿಟ್ಟು ಬರೆಯುವುದು ಕಚೇರಿಯವರ ಚಾಳಿ. ಫೈಲಿಗೆ ದಾರ ಪೋಣಿಸಲು ಬೇಕಲ್ಲ. ಈತ ಯಾವುದೋ ಕಚೇರಿಯ ಗುಮಾಸ್ತ ಎಂದು ಅಷ್ಟರಲ್ಲೇ ತೀರ್ಮಾನಿಸಿದೆ. ಮೊದಲ ಹಾಳೆಯಲ್ಲಿ ಹೀಗಿತ್ತು: 'ಮಂಕುಗಡ್ಡೆ ದೇಶದ ಪ್ರವಾಸ ಕೈಪಿಡಿ'. ಅದರ ಕೆಳಗೆ ವಿವರಗಳು.

'ಸ್ಥಾನ: ಸುತ್ತಲೂ ನೀರು. ನಡುವೆ ದೇಶ. ನೀರು ಕುಡಿಯಲು ಅಲ್ಲ, ನೋಡಲು.

ಹವಾಮಾನ: ಬೆಳಿಗ್ಗೆ ಮೋಡ. ಮಧ್ಯಾಹ್ನ ಮೋಡದ ನೆರಳು. ಸಂಜೆ ನಾಳೆಯ ಮೋಡದ ಬಗ್ಗೆ ಚರ್ಚೆ.

ರಾಷ್ಟ್ರಪಕ್ಷಿ: ಹಾರಿಹೋಗಿದೆ. ಹೊಸದರ ನೇಮಕಾತಿ ಪರಿಶೀಲನೆಯಲ್ಲಿದೆ.

ರಾಷ್ಟ್ರಗೀತೆ: ಅರ್ಧಕ್ಕೇ ಎಲ್ಲರಿಗೂ ನಿಟ್ಟುಸಿರು ಬರುವುದರಿಂದ ಅರ್ಧವನ್ನೇ ಬರೆಯಲಾಗಿದೆ.

ಗಡಿ ತಪಾಸಣೆ: ಬಂದ ಕಾರಣವನ್ನು ತಿಳಿಸತಕ್ಕದ್ದು. "ಸುಮ್ಮನೆ" ಎಂಬ ಕಾರಣವನ್ನು ಅಂಗೀಕರಿಸಲಾಗುವುದಿಲ್ಲ.'

ಇಂಥದ್ದನ್ನು ಕೈಯಿಂದ ಖರ್ಚು ಮಾಡಿ ಯಾರಾದರೂ ಅಚ್ಚು ಹಾಕಿಸುತ್ತಾರೆಯೇ? ಹಾಕಿಸಿದರೂ ಬಾಗಿಲ ಕಡೆ ನೋಡುತ್ತ ಹಾಕಿಸುತ್ತಾರೆಯೇ? ಮೊದಲು ಇದು ಯಾವುದೋ ಗುಪ್ತ ಸಂಕೇತ ಇರಬಹುದು ಎಂದುಕೊಂಡೆ. ಆಮೇಲೆ ಇಲ್ಲದ ದೇಶಕ್ಕೆ ಕೆಲಸಕ್ಕೆ ಕಳಿಸುತ್ತೇವೆಂದು ಮಂದಿಯನ್ನು ಮೋಸ ಮಾಡುವ ಹುನ್ನಾರ ಎನ್ನಿಸಿತು. ಆದರೆ ಇಷ್ಟು ಮಂಕು ಕವಿದ ದೇಶಕ್ಕೆ ಯಾವ ಹುಚ್ಚ ಹೋಗುತ್ತಾನೆ ಎಂದು ಅದನ್ನು ಬಿಟ್ಟೆ. ಯಾವುದನ್ನೂ ಸಾಬೀತು ಮಾಡಲಾಗದೆ, ಆಗಲಿ ಎಂದು ಕೆಲಸ ಹಿಡಿದೆ.

ಆಗಿನ್ನೂ ನಮ್ಮದು ಮೊಳೆಗಳ ಪ್ರೆಸ್ಸು. ಸೀಸದ ಒಂದೊಂದೇ ಅಕ್ಷರವನ್ನು ಖಾನೆಯಿಂದ ಹೆಕ್ಕಿ, ಉಲ್ಟಾ ಜೋಡಿಸಿ, ಸಾಲು ಕಟ್ಟಿ, ಪುಟ ಮಾಡಿ, ಕಬ್ಬಿಣದ ಚೌಕಟ್ಟಿಗೆ ಬೆಣೆ ಬಡಿದು ಬಿಗಿಯಬೇಕು. ಆ ಚೌಕಟ್ಟಿಗೆ ಫಾರಂ ಎನ್ನುತ್ತಿದ್ದೆವು. ನನ್ನ ಹತ್ತಿರ ಇದ್ದ ಮೊಳೆ ನಾಲ್ಕು ಪುಟಕ್ಕೆ ಸಾಕಾಗುತ್ತಿತ್ತು, ಅಷ್ಟೆ. ನಾಲ್ಕು ಪುಟ ಅಚ್ಚಾದ ಮೇಲೆ ಅವನ್ನು ಕಳಚಿ, ಮೊಳೆಗಳನ್ನು ತೊಳೆದು, ಖಾನೆಗೆ ಹಂಚಿ, ಮತ್ತೆ ಮುಂದಿನ ನಾಲ್ಕು ಪುಟ. ಹಾಗಾಗಿ ಒಮ್ಮೆ ಅಚ್ಚಾದದ್ದನ್ನು ತಿದ್ದುವ ಮಾತೇ ಇಲ್ಲ.

ಮೊಳೆ ಜೋಡಿಸುತ್ತಿದ್ದವರು ನನಗಿಂತ ಹಿರಿಯ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಏನು ಜೋಡಿಸುತ್ತಿದ್ದೇನೆ ಎಂಬ ಕಡೆ ಅಕ್ಕನ ಲಕ್ಷ್ಯ ಎಂದೂ ಇದ್ದದ್ದಲ್ಲ. ತಿಥಿಪತ್ರಿಕೆಯೂ ನಾಮಕರಣದ ಪತ್ರಿಕೆಯೂ ಅವರಿಗೆ ಒಂದೇ. ಶ್ರೀ ಇಲ್ಲದ ಪುಸ್ತಕಕ್ಕೆ ಕೈ ಹಚ್ಚಲು ಮೊದಲು ಒಪ್ಪಲಿಲ್ಲ. ಕೊನೆಗೆ ಖಾನೆಯಿಂದ ಒಂದು ಶ್ರೀ ತೆಗೆದು ಹಣೆಗೆ ಮುಟ್ಟಿಸಿಕೊಂಡು ವಾಪಸು ಹಾಕಿ ಕೆಲಸ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿಸಕ್ಕೆಂದು ಸದ್ದು ಬಂತು. ಹೋಗಿ ನೋಡಿದರೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಏನಾತಕ್ಕ?"

"ಆ ದೇಶದ ಪೊಲೀಸ್ನೋರು ಕಳ್ರನ್ನ ಹಿಡಿಯಂಗಿಲ್ಲಂತ. ಕಳ್ಳನಽ ಬಂದು ಇಲ್ಲಿ ಕದಿಯಾಕ ಏನೂ ಇಲ್ಲಂತ ದೂರು ಬರೆಸ್ತಾನಂತ!"

ಆ ನಗುವೂ ನನಗೆ ಸಂಶಯವನ್ನೇ ತಂದಿತು. ಇಷ್ಟು ವರ್ಷ ಮೊಳೆಗಳ ಮುಂದೆ ನಗದ ಹೆಂಗಸು ನಗುತ್ತಾಳೆ ಎಂದರೆ ಇದರಲ್ಲಿ ನಮ್ಮೂರಿನ ಯಾರನ್ನೋ ಚುಚ್ಚಿರಬೇಕು. ರಾಜಕಾರಣಿಯನ್ನು ಚುಚ್ಚಿದ್ದರೆ ಬರೆದವನು ಪಾರಾಗುತ್ತಾನೆ. ಕೊನೆಯ ಪುಟದಲ್ಲಿ ಹೆಸರಿರುವ ಮುದ್ರಕ ಸಿಕ್ಕಿಬೀಳುತ್ತಾನೆ.

ಗುಮಾಸ್ತರು ವಾರಕ್ಕೊಮ್ಮೆ ಕರಡು ತಿದ್ದಲು ಬರುತ್ತಿದ್ದರು. ಅಂಚೆಯಲ್ಲಿ ಕಳಿಸುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಿದ್ದರು. ಒಂದು ಸಲ 'ಪ್ರೇಕ್ಷಣೀಯ ಸ್ಥಳಗಳು' ಎಂಬ ಪುಟದ ಕರಡು ಅವರ ಮುಂದಿತ್ತು. 'ನಾಲಿಗೆ ಇಲ್ಲದ ಗಂಟೆ. ಗುಡಿಯ ಮುಂದೆ ತೂಗುತ್ತಿದೆ. ಕಲ್ಲಿನಿಂದ ಬಾರಿಸತಕ್ಕದ್ದು. ಕಲ್ಲು ಪಕ್ಕದಲ್ಲೇ ಇದೆ. ನೆನಪಿಗೆಂದು ಕಲ್ಲನ್ನು ಒಯ್ಯಬಾರದು.' ನಮ್ಮ ಸುತ್ತಿನಲ್ಲಿ ವಿಧಾನಸಭೆಯಲ್ಲಿ ಬಾಯಿಯನ್ನೇ ತೆರೆಯದ ನಾಯಕರೊಬ್ಬರಿದ್ದರು. ಇದು ಅವರೇ ಎಂದು ನನಗೆ ಖಾತ್ರಿಯಾಯಿತು.

"ಗಂಟಿಗೆ ಒಂದು ನಾಲಿಗಿ ಹಾಕಿಬಿಡೋಣಲ್ರಿ. ಇಲ್ಲದ ದೇಶ, ನಿಮಗೇನು ನಷ್ಟ?" ಎಂದೆ.

"ಗಂಟಿ ಅಂದ್ರ ಗಂಟಿನರಿ. ನಾ ಕಣ್ಣಾರೆ ನೋಡೀನಿ" ಎಂದವರೇ ಅವರು ತುಟಿ ಕಚ್ಚಿಕೊಂಡರು.

"ಇಲ್ಲದ ದೇಶದ ಗಂಟಿ ಕಣ್ಣಾರೆ ಹೆಂಗ ನೋಡಿದ್ರಿ?"

ಅವರು ಪೆನ್ನಿನ ಮುಚ್ಚಳ ಹಾಕಿ ಹಡಗಲಿ ಬಸ್ಸಿನ ಹೊತ್ತಾಯಿತೆಂದು ಎದ್ದುಹೋದರು. ನಾನು ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಡಗಲಿ ಬಸ್ಸನ್ನೇ ಹತ್ತಿದರೋ ಇಲ್ಲವೋ ಎಂದು ಬೇವಿನ ಮರದ ಮರೆಯಿಂದ ನೋಡಿ ಬಂದೆ. ಹಡಗಲಿ ಬಸ್ಸನ್ನೇ ಹತ್ತಿದರು. ಅದೂ ನನಗೆ ಸಮಾಧಾನ ತರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಪ್ರತಿ ಫಾರಂ ಮಷಿನ್ನಿಗೆ ಏರಿಸಿದಾಗ ಮೊದಲ ಹಾಳೆಗಳು ಕೆಡುತ್ತವೆ. ಒಂದರಲ್ಲಿ ಮಸಿ ಹೆಚ್ಚು, ಇನ್ನೊಂದರಲ್ಲಿ ಸಾಲು ವಾರೆ. ಆ ಕೆಟ್ಟ ಹಾಳೆಗಳು ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಗೆ ಹೋಗುತ್ತಿದ್ದವು. ಅಲ್ಲಿಂದ ನಮಗೆ ಸಂಜೆಯ ಮಿರ್ಚಿ ಮಂಡಕ್ಕಿ ಬರುತ್ತಿತ್ತು. ಆದರೆ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳ ಕೆಟ್ಟ ಹಾಳೆಗಳನ್ನು ಕೊಡುವಂತಿರಲಿಲ್ಲ. ಅವುಗಳ ಮೇಲೆ ದೇವರ ಹೆಸರಿರುತ್ತದೆ. ತಿಂದವರು ಎಣ್ಣೆ ಕೈ ಒರೆಸಿ ಬಿಸಾಡಿದರೆ ಕಾಲ ಕೆಳಗೆ ಬೀಳುತ್ತದೆ. ಅವನ್ನು ಕೂಡಿಟ್ಟು ಬಾವಿಗೆ ಬಿಡುತ್ತಿದ್ದೆವು. ಹಾಗಾಗಿ ಮಿರ್ಚಿಯವನಿಗೆ ನಮ್ಮಿಂದ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೆ. ಮಂಕುಗಡ್ಡೆಯ ಹಾಳೆಗಳಲ್ಲಿ ಶ್ರೀ ಇಲ್ಲ, ಯಾವ ದೇವರ ಹೆಸರೂ ಇಲ್ಲ. ಅಕ್ಕ ಹಿಂದೆಮುಂದೆ ನೋಡದೆ ಅಷ್ಟನ್ನೂ ಅಂಗಡಿಗೆ ಕಳಿಸಿಬಿಟ್ಟಿದ್ದರು.

ಒಂದು ಮಧ್ಯಾಹ್ನ ಪ್ರೆಸ್ಸಿನ ಮೆಟ್ಟಿಲ ಮೇಲೆ ಹೂವಿನ ಬುಟ್ಟಿ ಇಳಿಸಿ ಒಬ್ಬ ಮುದುಕಿ ನಿಂತಳು. ಹಡಗಲಿಯಾಚೆಯ ಹೊಳೆದಂಡೆಯ ಊರಿನಿಂದ ಬಸ್ಸಿನಲ್ಲಿ ಮಲ್ಲಿಗೆ ತಂದು ಕೊಟ್ಟೂರಿನಲ್ಲಿ ಮಾರುತ್ತಿದ್ದವಳು. ಮುಖಪರಿಚಯವಿತ್ತು, ಮಾತಾಡಿರಲಿಲ್ಲ. ಕೈಯಲ್ಲಿ ಎಣ್ಣೆ ಹೀರಿದ ಒಂದು ಹಾಳೆ.

"ಇದು ನಿನ್ನ ಪ್ರೆಸ್ಸಿಂದೇನಪ್ಪ?"

"ಯಾರ್ ಹೇಳಿದ್ರವ್ವ?"

"ಮಿರ್ಚಿಯವ. ಹೋದ ವಾರ ಮಮ್ಮಕ್ಕಳಿಗೆ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆ. ನಮ್ಮ ಸೊಸಿ ಓದಿ ಅಳಾಕ ಹತ್ತ್ಯಾಳ. ಬಸುರಿ ಹೆಣ್ಮಗಳು."

ಹಾಳೆ ಇಸಕೊಂಡು ನೋಡಿದೆ. ಎಣ್ಣೆಗೆ ಕಾಗದ ಪಾರದರ್ಶಕವಾಗಿ ಎರಡೂ ಮಗ್ಗುಲಿನ ಅಕ್ಷರಗಳು ಒಟ್ಟಿಗೇ ಕಾಣುತ್ತಿದ್ದವು. ಒಂದು ಕಡೆ ಗಂಟೆ. ಇನ್ನೊಂದು ಕಡೆ 'ತಲುಪುವುದು ಹೇಗೆ: ತಲುಪುವ ಅಗತ್ಯವಿಲ್ಲ. ನೀವು ಇರುವಲ್ಲಿಗೇ ನೀರು ಬರುತ್ತದೆ.'

"ಇದು ತಮಾಷಿ ಪುಸ್ತಕ ಅವ್ವ. ಇಂಥ ದೇಶ ಎಲ್ಲೂ ಇಲ್ಲ."

"ಇಲ್ಲದ ದೇಶಕ್ಕ ನಮ್ಮೂರ ಗಂಟಿ ಯಾಕ ಬೇಕಾತು?" ಎಂದಳು ಮುದುಕಿ. "ನಮ್ಮ ಗುಡಿ ಗಂಟಿ ನಾಲಿಗಿ ಬಿದ್ದದ್ದು ನನ್ನ ಮದುವಿಗಿಂತ ಮೊದ್ಲ. ಕಲ್ಲಿಲೇ ಬಾರಸ್ತೀವಿ. ಕಟ್ಟಿ ಮ್ಯಾಲ ಮೂರು ಬೇವಿನ ಗಿಡ ಅಂತ ಬರದಾನ, ಅವೂ ನಮ್ಮವ. ಈ ಸಲ ಸುಗ್ಗ್ಯಾಗ ಅಳತಿಯವರು ಬಂದು ಹೊಲದಾಗ ಸುಣ್ಣ ಹಚ್ಚಿದ ಕಲ್ಲು ನೆಟ್ಟು ಹೋಗ್ಯಾರ. ಹೊಳಿಗೆ ಒಡ್ಡು ಹಾಕ್ತಾರಂತ. ಊರು ಮುಳುಗಂಗಿಲ್ಲ, ಆರಾಮ ಇರ್ರಿ ಅಂತ ಹೇಳ್ಯಾರ. ಆರಾಮ ಇರ್ರಿ ಅಂತ ಸರಕಾರದವರು ತಾವಾಗೇ ಹೇಳ್ತಾರೇನಪ್ಪ? ಅದಕ್ಕ ನನಗ ಡೌಟು."

ನನಗಿಂತ ಹೆಚ್ಚು ಸಂಶಯಪಡುವವರನ್ನು ನಾನು ನೋಡಿದ್ದು ಅಂದೇ. ಒಂದು ರೀತಿಯ ಗೌರವವೇ ಬಂತು.

ಮುಂದಿನ ಸಲ ಗುಮಾಸ್ತರು ಬಂದಾಗ ಬಾಗಿಲು ಮುಂದೆ ಮಾಡಿ, ಆ ಎಣ್ಣೆ ಹಾಳೆಯನ್ನು ಅವರ ಮುಂದೆ ಹರವಿದೆ. ಮುದುಕಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಹಾಳೆಯ ಎಣ್ಣೆಯನ್ನು ಕರವಸ್ತ್ರದಿಂದ ಒತ್ತತೊಡಗಿದರು.

"ನಾ ಅಳತಿ ಮಾಡೋರ ಜೊತಿಗೆ ಬರಿಯಾಕ ಹೋಗಿದ್ದೆ" ಎಂದರು ಕಡೆಗೆ. "ಅವರ ಮನ್ಯಾಗಽ ಮಜ್ಜಿಗಿ ಕುಡದೀನಿ. ಊರು ದಿಬ್ಬದ ಮ್ಯಾಲ ಐತಿ. ನೀರು ನಿಂತ್ರ ಹೊಲ ಮುಳುಗ್ತಾವು, ದಾರಿ ಮುಳುಗತೈತಿ, ಮನಿ ಮುಳುಗಂಗಿಲ್ಲ. ಮನಿ ಮುಳುಗಲಿಲ್ಲಂದ್ರ ಊರು ಎತ್ತಿ ಬ್ಯಾರೆ ಕಡೆ ಜಾಗ ಕೊಡಂಗಿಲ್ಲ, ಅದು ರೂಲು. ನಕ್ಷ್ಯಾಗ ನೀಲಿ ಬಣ್ಣದ ನಡುವ ಒಂದು ಚುಕ್ಕಿ ಉಳದೈತ್ರಿ. ಅದು ಆ ಊರು."

"ಮತ್ತ ಹೇಳಬಾರದಾ ಸಾಹೇಬ್ರಿಗೆ?"

"ಹೇಳಿದೆ. ನಿನ್ನ ಕೆಲಸ ಬರಿಯೂದು ಅಂದ್ರು. ಊರಾಗೂ ಬಾಯಿ ಬಿಡಬಾರದಂತ ತಾಕೀತು ಆತು. ನಮ್ಮ ಕಚೇರ್ಯಾಗ ನಾವು ಪ್ರಶ್ನಿ ಕೇಳಂಗಿಲ್ರಿ. ಮಂದಿ ಸಭ್ಯಾಗ ಕೇಳಿದ್ರ ನಡಾವಳ್ಯಾಗ ಬರಕೋಬೇಕು. ನಡಾವಳಿಗೆ ಬಿದ್ದ ಪ್ರಶ್ನಿಗೆ ಮ್ಯಾಲಿನವರು ಉತ್ತರ ಕೊಡಲೇಬೇಕು. ಆದ್ರ ಏನು ಕೇಳಬೇಕಂತ ಮಂದಿಗೆ ಗೊತ್ತಿರಂಗಿಲ್ಲ. ಹೊಟ್ಯಾಗ ಇಟ್ಟುಕೊಂಡು ನಿದ್ದಿ ಬರಲಿಲ್ಲ. ನಗಿಸಿ ಬರೆದ್ರ ಯಾರೂ ಹಿಡಿಯಂಗಿಲ್ಲ ಅಂತ ಬರೆದೆ. ಊಹೆ ಮಾಡಾಕ ನನಗ ಬರಂಗಿಲ್ರಿ, ಕಂಡದ್ದನ್ನಽ ಬರೆದೆ."

ನಾನು ಗುಪ್ತ ಸಂಕೇತ ಎಂದುಕೊಂಡದ್ದು ಸುಳ್ಳಾಗಿರಲಿಲ್ಲ. ಯಾರಿಗೆ ಬರೆದದ್ದು ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಅಷ್ಟರೊಳಗೆ ಹಾಳೆಗಳ ಸುದ್ದಿ ಎಲ್ಲಿಗೆ ತಲುಪಬಾರದಿತ್ತೋ ಅಲ್ಲಿಗೂ ತಲುಪಿತ್ತು. ಒಂದು ಬೆಳಿಗ್ಗೆ ಜೀಪೊಂದು ಬಂದು ಪ್ರೆಸ್ಸಿನ ಮುಂದೆ ನಿಂತಿತು. ಇಳಿದವನು ಗುಮಾಸ್ತರ ಸಾಹೇಬರ ಕಡೆಯವನು. ಬಿಳಿ ಬುಶ್‌ಶರ್ಟು, ಕಂಕುಳಲ್ಲಿ ಚರ್ಮದ ಚೀಲ. ಕೂಡ್ರಿ ಎಂದರೂ ಕೂಡಲಿಲ್ಲ.

"ನಮ್ಮ ಕಚೇರಿ ಮ್ಯಾಲ ಏನೋ ಪುಸ್ತಕ ಮಾಡಾಕ ಹತ್ತೀರಂತಲ್ಲ?"

"ನಿಮ್ಮ ಕಚೇರಿ ಮ್ಯಾಲಲ್ರಿ. ಮಂಕುಗಡ್ಡೆ ಅನ್ನೋ ದೇಶದ ಮ್ಯಾಲ."

"ಅಂದ್ರ ನಮ್ಮ ಕಚೇರಿನಽ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಗು ಬಂದರೂ ತಡೆದುಕೊಂಡೆ. ಬರೆದವರು ಯಾರು ಎಂದ. ಹೆಸರು ಹೇಳಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅವರ ಹೆಸರು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಮುದ್ರಕರ ಹೆಸರಿಲ್ಲದೆ ಪುಸ್ತಕ ತರುವುದು ಅಪರಾಧ, ಹೆಸರು ಹಾಕಿ ತಂದರೆ ನೋಡಿಕೊಳ್ಳುತ್ತೇವೆ, ಎರಡು ದಿನ ಬಿಟ್ಟು ಬರುತ್ತೇನೆ, ಅಚ್ಚಾದದ್ದನ್ನೆಲ್ಲ ಕಟ್ಟಿ ಇಟ್ಟಿರಬೇಕು ಎಂದು ಹೇಳಿ ಹೋದ. ಹೋಗುವಾಗ ಅಕ್ಕನ ಮೊಳೆಯ ಖಾನೆಗಳಲ್ಲೂ ಇಣುಕಿ ನೋಡಿದ. ಅಕ್ಷರಗಳ ನಡುವೆ ಗುಮಾಸ್ತರು ಅಡಗಿ ಕೂತಿದ್ದಾರೆ ಎಂದುಕೊಂಡನೋ ಏನೋ.

ಮರುದಿನ ಗುಮಾಸ್ತರು ಓಡಿ ಬಂದರು.

"ಎಲ್ಲಾ ಸುಟ್ಟುಬಿಡ್ರಿ ಮಾಲಕರ. ಕಚೇರ್ಯಾಗ ಒಬ್ಬೊಬ್ಬರನ್ನಽ ಕರದು ಕೇಳಾಕ ಹತ್ಯಾರ. ಕೆಲಸ ಹೋದ್ರ ಮನ್ಯಾಗ ಮೂರು ಹೆಣ್ಮಕ್ಕಳು."

ಕೊನೆಯ ಫಾರಂ ಪುಟ ಕಟ್ಟುವ ಕಲ್ಲುಹಾಸಿನ ಮೇಲೆ ಬಿಗಿದು ಸಿದ್ಧವಾಗಿತ್ತು. ಅದರಲ್ಲಿ ಇದ್ದದ್ದು 'ಪ್ರವಾಸಿಗರು ಕೇಳಬಾರದ ಪ್ರಶ್ನೆಗಳು' ಎಂಬ ಅಧ್ಯಾಯ. 'ಹೊಲಕ್ಕೆ ಹೋಗಲು ಎತ್ತುಗಳಿಗೆ ಈಜು ಯಾರು ಕಲಿಸುತ್ತಾರೆ? ಹೆರಿಗೆ ನೋವು ಬಂದರೆ ದೋಣಿ ಯಾರದು, ದೋಣಿಯವನು ಊಟಕ್ಕೆ ಹೋಗಿದ್ದರೆ ಕೂಸು ಕಾಯುತ್ತದೆಯೇ? ಸುಡುಗಾಡು ನೀರಿನಡಿ ಹೋದರೆ ಸತ್ತವರು ಎಲ್ಲಿಗೆ ಹೋಗಬೇಕು? ಮನೆ ಮುಳುಗಲಿಲ್ಲ ಎಂದು ಯಾರಿಗೆ ಕೃತಜ್ಞತೆ ಸಲ್ಲಿಸತಕ್ಕದ್ದು?' ಕೆಳಗೆ ಸಣ್ಣ ಅಕ್ಷರದಲ್ಲಿ 'ಇವುಗಳನ್ನು ಕೇಳಿದವರಿಗೆ ಉತ್ತರ ಕೊಡಬೇಕಾಗುವುದರಿಂದ ದೇಶದ ಶಾಂತಿಗೆ ಭಂಗವಾಗುತ್ತದೆ.'

"ಕಳಚಲೇನ್ರಿ?" ಎಂದು ಅಕ್ಕ ಕೇಳಿದರು. ಬೆಣೆ ಸಡಿಲಿಸುವ ಸುತ್ತಿಗೆ ಕೈಯಲ್ಲಿತ್ತು. ಬೆಣೆ ತೆಗೆದು ಅಲುಗಿಸಿದರೆ ಸಾಕು, ಆ ಪ್ರಶ್ನೆಗಳೆಲ್ಲ ಬಿಡಿ ಸೀಸದ ಚೂರುಗಳಾಗುತ್ತಿದ್ದವು. ನಾನು ಧೈರ್ಯವಂತನಲ್ಲ. ಪ್ರೆಸ್ಸಿಗೆ ಬೀಗ ಬಿದ್ದರೆ ನಮ್ಮ ಮನೆಯೊಲೆಯೂ ಅಕ್ಕನ ಮನೆಯೊಲೆಯೂ ಆರುತ್ತಿದ್ದವು. ಆದರೆ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ನಿಂತಿದ್ದ ಆ ಮುದುಕಿ ಕಣ್ಣ ಮುಂದೆ ಬಂದಳು. ಅವಳ ಸಂಶಯ ನಿಜವೆಂದು, ಸಾಹೇಬರ ಕಡೆಯವರನ್ನು ಬಿಟ್ಟರೆ, ಗೊತ್ತಿದ್ದವರು ಆ ಹೊತ್ತಿಗೆ ನಾವು ಮೂವರೇ.

ಆಗ ಹೊಳೆಯಿತು. ಪುಸ್ತಕಕ್ಕೆ ಮುದ್ರಕರ ಹೆಸರು ಬೇಕು, ನಿಜ. ಮಿರ್ಚಿ ಕಟ್ಟುವ ಹಾಳೆಗೆ ಬೇಕು ಎಂದು ಯಾವ ಕಾನೂನು ಹೇಳುತ್ತದೆ?

"ಕಳಚಬ್ಯಾಡಕ್ಕ. ಮಷಿನ್ನಿಗೆ ಏರಸ್ರಿ" ಎಂದೆ. "ಹೊಲಿಗಿ ಬ್ಯಾಡ, ರಟ್ಟು ಬ್ಯಾಡ, ಪುಸ್ತಕನಽ ಬ್ಯಾಡ. ಬಿಡಿ ಹಾಳಿ."

ಗುಮಾಸ್ತರಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು. ಅವರು ಸುತ್ತಿಗೆ ಕೆಳಗಿಟ್ಟು, "ನಾ ಆಗಲೇ ಹೇಳಿದ್ದೆ, ಶ್ರೀ ಇಲ್ಲದ್ದು ಮಿರ್ಚಿಗೆ ಲಾಯಕ್ಕು ಅಂತ" ಎಂದರು. ಹಾಗೆ ಅವರು ಎಂದೂ ಹೇಳಿರಲಿಲ್ಲ. ಆದರೂ ಒಪ್ಪಿಕೊಂಡೆ.

ಆ ದಿನ ಮಷಿನ್ನಿನ ಟ್ರೆಡಲನ್ನು ನಾನೇ ತುಳಿದೆ. ಹಾಳೆ ಇಡುವುದು, ತುಳಿಯುವುದು, ತೆಗೆಯುವುದು. ಒಂದು ಹಾಳೆಯೂ ಕೆಡಲಿಲ್ಲ. ಕೊಡಲೆಂದೇ ಕೆಟ್ಟ ಹಾಳೆ ಬೇಕಾಗಿದ್ದ ದಿನ ಎಲ್ಲವೂ ಮುತ್ತಿನಂತೆ ಬಂದವು. ಮೊದಲಿನಿಂದ ಅಚ್ಚಾಗಿದ್ದ ಫಾರಂಗಳ ಹಾಳೆಗಳನ್ನೂ ಗಂಟು ಕಟ್ಟಿ, ಕೊಟ್ಟೂರಿನ ಮಿರ್ಚಿ ಅಂಗಡಿಗಳಿಗೆಲ್ಲ ಹಂಚಿದೆವು. ಉಜ್ಜಿನಿಗೆ ಒಂದು ಗಂಟು ಹೋಯಿತು. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡುಗಳ ಅಂಗಡಿಗಳಿಗೆ ಪರಿಚಯದ ಕಂಡಕ್ಟರುಗಳು ಮುಟ್ಟಿಸಿದರು. ಪ್ರಶ್ನೆಗಳ ಹಾಳೆಯನ್ನು ಮಾತ್ರ ಹೂವಿನ ಮುದುಕಿ ತನ್ನ ಬುಟ್ಟಿಯ ತಳಕ್ಕೆ ಹಾಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಹೋದಳು.

ಮೊಳೆಗಳನ್ನು ತೊಳೆದು ಖಾನೆಗೆ ಹಾಕಿ ಮುಗಿಸುವಷ್ಟರಲ್ಲಿ ಜೀಪಿನವನು ಬಂದ. ಈ ಸಲ ಕೈಯಲ್ಲಿ ಮಿರ್ಚಿಯ ಪೊಟ್ಟಣವಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡಿದ್ದನೆಂದು ಕಾಣುತ್ತದೆ.

"ಎಲ್ಲೈತಿ ಪುಸ್ತಕ?" ಎಂದು ಕೇಳಿ, ಕಚ್ಚಿದ ಮಿರ್ಚಿಯ ಖಾರಕ್ಕೆ ಉಸ್ ಎಂದ.

"ಪುಸ್ತಕ ಆಗಲೇ ಇಲ್ರಿ. ಕೆಲಸ ಕೆಟ್ಟುಹೋತು. ಹಾಳಿ ಎಲ್ಲಾ ರದ್ದಿಗೆ ಹಾಕಿದ್ವಿ."

ಕಪಾಟು, ಅಟ್ಟ, ಮಷಿನ್ನಿನ ಅಡಿ ಎಲ್ಲ ತಡಕಿದ. ಏನೂ ಸಿಗಲಿಲ್ಲ. ಕೈ ಒರೆಸಿಕೊಂಡು ಪೊಟ್ಟಣದ ಕಾಗದವನ್ನು ನಮ್ಮ ಮೆಟ್ಟಿಲ ಮೇಲೇ ಮುದುರಿ ಎಸೆದು ಹೋದ. ಅಕ್ಕ ಅದನ್ನು ಬಿಡಿಸಿ ನೋಡಿದರು. 'ಮಂಕುಗಡ್ಡೆಯ ಅಧಿಕಾರಿಗಳು: ಇವರು ಎಲ್ಲವನ್ನೂ ಹುಡುಕುತ್ತಾರೆ, ಕೈಯಲ್ಲಿರುವುದನ್ನು ಬಿಟ್ಟು.' ಅಂದು ಅಕ್ಕ ನಕ್ಕದ್ದು ಪಕ್ಕದ ಕಿರಾಣಿ ಅಂಗಡಿಯವರೆಗೂ ಕೇಳಿಸಿತು.

ಸ್ವಲ್ಪ ದಿನಕ್ಕೆ ಹೊಳೆದಂಡೆಯ ಆ ಊರಿನಲ್ಲಿ ಸಭೆ ಎಂದು ಡಂಗುರವಾಯಿತು. ಮುದುಕಿ ಬಂದು "ನೀನೂ ಬಾ" ಎಂದಳು. ಲಗ್ನಪತ್ರಿಕೆಯ ಆರ್ಡರು ಹಿಡಿಯಲು ಬಂದವನ ಹಾಗೆ ಕಂಕುಳಲ್ಲಿ ನಮೂನೆಗಳ ಆಲ್ಬಂ ಇಟ್ಟುಕೊಂಡು ಹೋದೆ. ಬೇವಿನ ಗಿಡದ ಕೆಳಗೆ ಮೇಜು, ಮೇಜಿನ ಹಿಂದೆ ಸಾಹೇಬರು, ಅವರ ಪಕ್ಕದಲ್ಲಿ ಜೀಪಿನವನು. ತುದಿಯಲ್ಲಿ ನಡಾವಳಿ ಬರೆಯಲು ಕೂತವರು ನಮ್ಮ ಗುಮಾಸ್ತರು. ಅವರು ನನ್ನನ್ನು ನೋಡಿದರೂ ನೋಡದವರ ಹಾಗೆ ಇದ್ದರು.

"ನಿಮಗೆಲ್ಲ ಸಂತೋಷದ ಸುದ್ದಿ" ಎಂದು ಸಾಹೇಬರು ಶುರು ಮಾಡಿದರು. "ನಿಮ್ಮ ಊರು ಮುಳುಗೋದಿಲ್ಲ. ಏನಾದರೂ ಪ್ರಶ್ನೆ ಇದ್ದರೆ ಕೇಳಿ."

ಕೇಳಿ ಎಂದವರೇ ಸಾಹೇಬರು ಏಳಲು ಕುರ್ಚಿ ಹಿಂದೆ ಸರಿಸಿದರು. ಆಗ ಮುದುಕಿಯ ಸೊಸೆ, ತುಂಬಿದ ಬಸುರಿ, ಗುಡಿಯ ಗೋಡೆ ಹಿಡಿದು ಎದ್ದು ನಿಂತಳು. ಸೆರಗಿನ ಮರೆಯಲ್ಲಿ ಹಾಳೆ ಇತ್ತು; ಅದನ್ನು ನೋಡಲೂ ಇಲ್ಲ.

"ಹೊಲ ಮುಳುಗತಾವು, ದಾರಿ ಮುಳುಗತೈತಿ ಅಂತಲ್ರಿ. ನನಗ ನೋವು ಬಂದ್ರ ದೋಣಿ ಯಾರ್ದು? ದೋಣಿಯವ ಉಣ್ಣಾಕ ಹೋಗಿದ್ರ ಕೂಸು ಕಾಯತೈತೇನ್ರಿ?"

ಸಾಹೇಬರು ಜೀಪಿನವನ ಮುಖ ನೋಡಿದರು. ಅವನು ನೆಲ ನೋಡಿದ. ಆಮೇಲೆ ಒಬ್ಬರಾದ ಮೇಲೊಬ್ಬರು ಎದ್ದರು. ಎತ್ತುಗಳಿಗೆ ಈಜು ಯಾರು ಕಲಿಸುತ್ತಾರೆ ಎಂದು ಒಬ್ಬ ರೈತ. ಸುಡುಗಾಡಿನ ಪ್ರಶ್ನೆಯನ್ನು ಮುದುಕಿಯೇ ಕೇಳಿದಳು: "ನನ್ನ ಗಂಡ ಅಲ್ಲಿ ಅದಾನ. ಅವನ ಮಗ್ಗಲಾಗ ನನಗ ಜಾಗ ಐತಿ. ನೀರಾಗ ಹೆಂಗ ಇಡ್ತೀರಿ?" ಪುಸ್ತಕದಲ್ಲಿ ಅಷ್ಟು ಇರಲಿಲ್ಲ. ಅದು ಅವಳದೇ.

ಗುಮಾಸ್ತರು ತಲೆ ಎತ್ತದೆ ಬರೆಯುತ್ತಿದ್ದರು. ತಾವೇ ಬರೆದ ಪ್ರಶ್ನೆಗಳನ್ನು ತಾವೇ ನಡಾವಳಿಗೆ ಇಳಿಸುತ್ತಿದ್ದರು, ಎಡಗಡೆ ಕಾಲುಭಾಗ ಬಿಟ್ಟು, ದುಂಡಗೆ.

"ಇದನ್ನೆಲ್ಲ ಬರೆಯೋದು ಬೇಡ" ಎಂದರು ಸಾಹೇಬರು.

"ಬರೆದಾಗೇತ್ರಿ ಸರ" ಎಂದರು ಗುಮಾಸ್ತರು. ಆ ಮನುಷ್ಯ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈ ಪ್ರಶ್ನೆ ಯಾರು ಹೇಳಿಕೊಟ್ಟರು ನಿಮಗೆ?" ಎಂದು ಸಾಹೇಬರು ಸಿಟ್ಟಾದರು.

ಮುದುಕಿ ಅಂದಳು: "ಯಾರೂ ಇಲ್ರಿ. ಮಿರ್ಚಿ ಕಟ್ಟಿಸಿಕೊಂಡು ಬಂದಿದ್ವಿ."

ನಡಾವಳಿಗೆ ಬಿದ್ದ ಪ್ರಶ್ನೆಗಳು ಕಚೇರಿಯಿಂದ ಕಚೇರಿಗೆ ಹೋದವು. ಮತ್ತೆ ಅಳತೆಯವರು ಬಂದರು, ಮತ್ತೆ ಹೋದರು. ತಡವಾಗಿ, ಗೊಣಗಿಕೊಂಡು, ಊರನ್ನು ಎತ್ತಿ ರಸ್ತೆಯ ಪಕ್ಕ ಜಾಗ ಕೊಡುವುದೆಂದು ಆದೇಶವಾಯಿತು. ಜಾಗ ಗಟ್ಟಿ ನೆಲ, ಮಲ್ಲಿಗೆ ಸರಿಯಾಗಿ ಹಿಡಿಯಲಿಲ್ಲ ಎಂದು ಮುದುಕಿ ಇಂದಿಗೂ ಬೈಯುತ್ತಾಳೆ. ಕೈಪಿಡಿ ಬರೆದವರು ಯಾರು ಎಂದು ಕಚೇರಿಗೆ ಕಡೆಗೂ ಗೊತ್ತಾಗಲಿಲ್ಲ. ನನ್ನ ಪ್ರೆಸ್ಸಿಗೆ ಆಮೇಲೆ ಕಂಪ್ಯೂಟರ್ ಬಂತು, ಮೊಳೆಗಳನ್ನು ತೂಕಕ್ಕೆ ಹಾಕಿದೆ. ಒಂದು ಶ್ರೀಯನ್ನು ಅಕ್ಕ ಸೆರಗಿಗೆ ಕಟ್ಟಿಕೊಂಡು ಹೋದರು.

ನೀರು ನಿಂತ ಮೇಲೆ, ಗುಮಾಸ್ತರು ನಿವೃತ್ತರಾದ ವರ್ಷ, ಅವರು, ಮುದುಕಿ, ನಾನು ಮೂವರೂ ಹರಿಗೋಲಿನಲ್ಲಿ ಆ ದಿಬ್ಬಕ್ಕೆ ಹೋದೆವು. ಹೋಗಬೇಕೆಂದು ಹಟ ಹಿಡಿದವಳು ಮುದುಕಿ. ಮೋಡ ಕವಿದಿತ್ತು. ಮೂರು ಬೇವಿನ ಗಿಡಗಳು ಇದ್ದವು. ಗಂಟೆಯನ್ನು ಹೊಸ ಊರಿಗೆ ಒಯ್ದಿದ್ದರು. ಬಾರಿಸುವ ಕಲ್ಲು ಅಲ್ಲೇ ಬಿದ್ದಿತ್ತು. ಸುತ್ತಲೂ ನೀರು, ನಡುವೆ ಬಾಗಿಲಿಲ್ಲದ ಮನೆಗಳು, ಒಂದು ಹಕ್ಕಿಯೂ ಇಲ್ಲ. ಕೈಪಿಡಿಯ ಒಂದೊಂದು ಮಾತೂ ಈಗ ಖರೆಯಾಗಿತ್ತು, ಅದರಲ್ಲಿ ಇರಬೇಕಾದ ಮಂದಿಯನ್ನು ಬಿಟ್ಟು. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು.

ಮುದುಕಿ ತನ್ನ ಮನೆಯ ಹೊಸ್ತಿಲ ಕಲ್ಲಿನ ಮೇಲೆ ಕೂತಳು. ನೀರಿನ ಒಂದು ಕಡೆಗೆ, ಹಿಂದೆ ಸುಡುಗಾಡು ಇದ್ದ ಕಡೆಗೆ, ಮುಖ ಮಾಡಿ ಬಹಳ ಹೊತ್ತು ಕೂತಳು. ಸಂಶಯದ ಪ್ರಾಣಿ ನಾನು, ಬಾಯಿ ಸುಮ್ಮನಿರಲಿಲ್ಲ.

"ಏನ್ ನೋಡಾಕ ಬಂದಿ ಅವ್ವ?" ಎಂದೆ.

"ಸುಮ್ನ" ಎಂದಳು.

ಕೈಪಿಡಿಯ ಗಡಿ ತಪಾಸಣೆಯಲ್ಲಿ ಅಂಗೀಕಾರವಾಗದ ಕಾರಣ ಅದು; ಗುಮಾಸ್ತರು ನನ್ನ ಕಡೆ ನೋಡಿದರು. ನಾವಿಬ್ಬರೂ ಮತ್ತೇನೂ ಕೇಳಲಿಲ್ಲ.